11 ಕೆವಿ ಫೀಡರ್ ಪದೇ ಪದೇ ಟ್ರಿಪ್ ಆದಾಗ: ಸೆಟ್ಟಿಂಗ್ ಏರಿಸುವ ಮೊದಲು ನೋಡಬೇಕಾದದ್ದು

ಹುಬ್ಬಳ್ಳಿಯ ತಾರಿಹಾಳ, ಗೋಕುಲ ರೋಡ್, ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶ, ಗದಗಿನ ಜಿನ್ನಿಂಗ್ ಮಿಲ್‌ಗಳು, ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳು. ಎಲ್ಲಿಂದ ಫೋನ್ ಬಂದರೂ ಮೊದಲ ಮಾತು ಸಾಮಾನ್ಯವಾಗಿ ಒಂದೇ. "ರಿಲೇ ಕೆಟ್ಟೈತ್ರಿ ಸರ್, ಹೊಸಾದು ಹಾಕಿಬಿಡ್ರಿ." ಅದಾಗದಿದ್ದರೆ ಎರಡನೇ ಮಾತು: "ಸೆಟ್ಟಿಂಗ್ ಸ್ವಲ್ಪ ಏರಿಸ್ರಿ, ಲೋಡ್ ನಿಂತ್ರ ಸಾಕು."

ಎರಡೂ ಬೇಡ. ರಿಲೇ, ಅಂದರೆ ಕರೆಂಟನ್ನು ಅಳೆದು ಫಾಲ್ಟ್ ಕಂಡಾಗ ಬ್ರೇಕರನ್ನು ಬೀಳಿಸುವ (ಟ್ರಿಪ್ ಮಾಡುವ) ಸಾಧನ, ತಾನೇ ಕೆಟ್ಟು ಸುಮ್ನೆ ಟ್ರಿಪ್ ಕೊಡುವುದು ಕಡಿಮೆ. ದೋಷ ಹೆಚ್ಚಾಗಿ ಇರುವುದು ಅದರ ಸುತ್ತ: ಸಿಟಿ (ಲೈನಿನ ಕರೆಂಟನ್ನು ಇಳಿಸಿ ರಿಲೇಗೆ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ವೈರಿಂಗ್‌ನಲ್ಲಿ, ಡಿಸಿ ಸಪ್ಲೈನಲ್ಲಿ, ಬ್ರೇಕರ್‌ನ ಮೆಕ್ಯಾನಿಸಂನಲ್ಲಿ, ಇಲ್ಲವೇ ಹಿಂದೆ ಯಾರೋ ಬದಲಿಸಿ ಬರೆದಿಡದ ಸೆಟ್ಟಿಂಗ್‌ನಲ್ಲಿ. ಸೆಟ್ಟಿಂಗ್ ಏರಿಸಿದರೆ ಟ್ರಿಪ್ ನಿಲ್ಲಬಹುದು, ದೋಷ ಅಲ್ಲೇ ಇರುತ್ತದೆ. ಮುಂದೆ ನಿಜವಾದ ಫಾಲ್ಟ್ ಬಂದ ದಿನ ಕೇಬಲ್ಲೋ ಟ್ರಾನ್ಸ್‌ಫಾರ್ಮರೋ ಅದರ ಬೆಲೆ ತೆರುತ್ತದೆ.

ಈ ಬರಹ 11 ಕೆವಿ ಎಚ್‌ಟಿ (ಹೈ ಟೆನ್ಷನ್) ಪ್ಯಾನೆಲ್ ನೋಡಿಕೊಳ್ಳುವ ಎಲೆಕ್ಟ್ರಿಷಿಯನ್‌ಗಳಿಗೆ, ಮೇಂಟೆನೆನ್ಸ್ ಸೂಪರ್‌ವೈಸರ್‌ಗಳಿಗೆ. ಓವರ್ ಕರೆಂಟ್ (ಮಿತಿ ಮೀರಿದ ಕರೆಂಟ್) ಮತ್ತು ಅರ್ಥ್ ಫಾಲ್ಟ್ (ಕರೆಂಟ್ ನೆಲಕ್ಕೆ ಹರಿಯುವುದು) ಎರಡನ್ನೂ ಹಿಡಿಯುವ ಸಾಮಾನ್ಯ ನ್ಯೂಮರಿಕಲ್ (ಡಿಜಿಟಲ್) ರಿಲೇಯನ್ನು ಮನಸ್ಸಲ್ಲಿಟ್ಟು ಬರೆದಿದ್ದೇನೆ. ಹಳೇ ಡಿಸ್ಕ್ ರಿಲೇಗೂ ತರ್ಕ ಇದೇ.

ರೀಸೆಟ್ ಒತ್ತಬೇಡಿ, ಮೊದಲು ಬರೆದುಕೊಳ್ಳಿ

ಟ್ರಿಪ್ ಆದ ಕೂಡಲೇ ರೀಸೆಟ್ ಒತ್ತಿ ಬ್ರೇಕರ್ ಹಾಕುವುದು ಕೈಗೆ ಬಂದ ಅಭ್ಯಾಸ. ಇದರಿಂದ ಕಣ್ಣೆದುರಿನ ಸಾಕ್ಷಿ ಹೋಗುತ್ತದೆ. ಯಾವ ಎಲ್‌ಇಡಿ ಉರಿಯುತ್ತಿದೆ, ಯಾವ ಫೇಸ್, ಎಷ್ಟು ಆಂಪ್ಸ್, ಎಷ್ಟು ಹೊತ್ತಿಗೆ, ಆಗ ಯಾವ ಮೋಟಾರ್ ಓಡುತ್ತಿತ್ತು, ಮಳೆ ಇತ್ತಾ, ಇಷ್ಟನ್ನು ರಿಜಿಸ್ಟರ್‌ನಲ್ಲಿ ಬರೆಯಿರಿ. ಮೊಬೈಲ್‌ನಲ್ಲಿ ಡಿಸ್‌ಪ್ಲೇ ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನ್ಯೂಮರಿಕಲ್ ರಿಲೇ ಆದರೆ ಈವೆಂಟ್ ಲಾಗ್ ಮತ್ತು ಫಾಲ್ಟ್ ರೆಕಾರ್ಡ್ ಒಳಗೇ ಉಳಿದಿರುತ್ತವೆ. ಆದರೆ ರಿಲೇಯ ಗಡಿಯಾರ ತಪ್ಪಿದ್ದರೆ ಆ ರೆಕಾರ್ಡನ್ನು ಸ್ಟೇಷನ್‌ನ (ನಿಮಗೆ ಕರೆಂಟ್ ಕೊಡುವ ಸಬ್‌ಸ್ಟೇಷನ್‌ನ) ಲಾಗ್ ಜೊತೆ ಹೊಂದಿಸಿ ನೋಡಲು ಆಗುವುದಿಲ್ಲ. ಗಡಿಯಾರ ಸರಿ ಇದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

ಕೈ ಹಾಕುವ ಮೊದಲು ಎರಡು ಮಾತು. 11 ಕೆವಿ ಕಡೆ ಮುಟ್ಟುವ ಕೆಲಸವಿದ್ದರೆ ಸೆಕ್ಷನ್ ಆಫೀಸ್‌ನಿಂದ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಇದೆ ಎಂಬ ಅಧಿಕೃತ ಅನುಮತಿ) ತಗೊಳ್ಳಿ, ಜಿಒಎಸ್ (ಕಂಬದ ಮೇಲಿನ ಗ್ಯಾಂಗ್ ಆಪರೇಟೆಡ್ ಸ್ವಿಚ್) ತೆರೆದದ್ದನ್ನು ಕಣ್ಣಾರೆ ನೋಡಿ, ಡಿಸ್ಚಾರ್ಜ್ ರಾಡ್ ಹಾಕಿ ಅರ್ಥ್ ಮಾಡಿ. ಫೋನ್‌ನಲ್ಲಿ "ಆಫ್ ಐತ್ರಿ" ಅಂದದ್ದು ಎಲ್‌ಸಿ ಅಲ್ಲ. ಇನ್ನೊಂದು, ಲೋಡ್ ಇರುವಾಗ ಸಿಟಿಯ ಸೆಕೆಂಡರಿ (ರಿಲೇಗೆ ಹೋಗುವ) ವೈರನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ತೆರೆದ ಸಿಟಿಯ ತುದಿಗಳಲ್ಲಿ ಸಾವಿರಾರು ವೋಲ್ಟ್ ಬರಬಹುದು. ಮೊದಲು ಶಾರ್ಟಿಂಗ್ ಲಿಂಕ್ (ಸಿಟಿಯ ತುದಿಗಳನ್ನು ಒಂದಕ್ಕೊಂದು ಕೂಡಿಸುವ ಪಟ್ಟಿ) ಹಾಕಿ, ಆಮೇಲೆ ಮುಂದಿನ ಕೆಲಸ.

ಅರ್ಥ್ ಫಾಲ್ಟ್ ತೋರಿಸುತ್ತಿದ್ದರೆ

ಇಲ್ಲೇ ಹೆಚ್ಚು ಜನ ದಾರಿ ತಪ್ಪುವುದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ನಿಮ್ಮ ಟ್ರಾನ್ಸ್‌ಫಾರ್ಮರ್ ಡೆಲ್ಟಾ-ಸ್ಟಾರ್ (11 ಕೆವಿ ಕಡೆ ಡೆಲ್ಟಾ, 415 ವೋಲ್ಟ್ ಕಡೆ ಸ್ಟಾರ್ ವೈಂಡಿಂಗ್) ಅಲ್ವಾ? ಹಾಗಿದ್ದರೆ 415 ವೋಲ್ಟ್ ಕಡೆ ಮೋಟಾರ್ ಅರ್ಥ್ ಆದರೂ 11 ಕೆವಿ ಕಡೆಯ ಅರ್ಥ್ ಫಾಲ್ಟ್ ಎಲಿಮೆಂಟ್‌ಗೆ ಅದು ಕಾಣುವುದಿಲ್ಲ. ಡೆಲ್ಟಾ ವೈಂಡಿಂಗ್ ಆ ಕರೆಂಟನ್ನು ಅರ್ಥ್ ಕರೆಂಟ್ ಆಗಿ ಆಚೆ ದಾಟಲು ಬಿಡುವುದಿಲ್ಲ. ಎಚ್‌ಟಿ ಬದಿಯಲ್ಲಿ ಅದು ಬರೀ ಫೇಸ್ ಕರೆಂಟ್ ಆಗಿ ಕಾಣುತ್ತದೆ. ಅಂದರೆ ಎಚ್‌ಟಿ ಪ್ಯಾನೆಲ್‌ನಲ್ಲಿ ಅರ್ಥ್ ಫಾಲ್ಟ್ ಫ್ಲಾಗ್ (ರಿಲೇಯ ಸೂಚನೆ) ಬಿದ್ದಾಗ ಕೆಳಗಿನ ಮೋಟಾರ್‌ಗಳನ್ನೆಲ್ಲ ಒಂದೊಂದಾಗಿ ಮೆಗ್ಗರ್ (ಇನ್ಸುಲೇಷನ್ ಪರೀಕ್ಷೆ) ಮಾಡುತ್ತಾ ಕೂರುವುದು ದಂಡ. ಹುಡುಕಬೇಕಾದದ್ದು 11 ಕೆವಿ ಕೇಬಲ್, ಅದರ ಎಂಡ್ ಟರ್ಮಿನೇಷನ್, ಎಲ್‌ಎ (ಲೈಟ್ನಿಂಗ್ ಅರೆಸ್ಟರ್), ಟ್ರಾನ್ಸ್‌ಫಾರ್ಮರ್‌ನ ಎಚ್‌ಟಿ ಬುಶಿಂಗ್ ಮತ್ತು ವೈಂಡಿಂಗ್. ಇವೆಲ್ಲ ಸರಿ ಇದ್ದರೆ ಸಿಟಿ ವೈರಿಂಗ್.

ಬ್ಯಾಡಗಿ ಕಡೆಯ ಒಂದು ಕೋಲ್ಡ್ ಸ್ಟೋರೇಜ್‌ನ ಉದಾಹರಣೆ ಕೊಡುತ್ತೇನೆ. 500 ಕೆವಿಎ ಟ್ರಾನ್ಸ್‌ಫಾರ್ಮರ್, 11 ಕೆವಿ ಕಡೆ ಪೂರ್ತಿ ಲೋಡ್ ಸುಮಾರು 26 ಆಂಪ್ಸ್. ಸಿಟಿ 50/5, ಅಂದರೆ ಪ್ರೈಮರಿಯಲ್ಲಿ (ಲೈನ್ ಕಡೆ) 50 ಆಂಪ್ಸ್ ಇದ್ದಾಗ ರಿಲೇ ಕಡೆ 5. ಅರ್ಥ್ ಫಾಲ್ಟ್ ಸೆಟ್ಟಿಂಗ್ 20 ಪರ್ಸೆಂಟ್, ಅಂದರೆ ಪ್ರೈಮರಿಯಲ್ಲಿ 10 ಆಂಪ್ಸ್. ಮೆಣಸಿನಕಾಯಿ ಚೀಲಗಳು ಬಂದು ಕೋಣೆಗಳು ತುಂಬುವ ಹೊತ್ತು. ಒಂದು ಕಂಪ್ರೆಸರ್ ಓಡುವವರೆಗೆ ಏನೂ ತೊಂದರೆ ಇಲ್ಲ. ಎರಡನೆಯದನ್ನು ಹಾಕಿದರೆ ಅರ್ಥ್ ಫಾಲ್ಟ್ ಟ್ರಿಪ್. ಕೇಬಲ್ ಮೆಗ್ಗರ್ ಚೆನ್ನಾಗಿತ್ತು. ಆದರೂ ಕೇಬಲ್ ಬದಲಿಸುವ ಮಾತು ನಡೆದಿತ್ತು.

ಒಂದೇ ಕಂಪ್ರೆಸರ್ ಓಡಿಸಿ ರಿಲೇಯ ಡಿಸ್‌ಪ್ಲೇ ನೋಡಿದಾಗ ಆರ್ 9 ಆಂಪ್ಸ್, ವೈ 9 ಆಂಪ್ಸ್, ಬಿ ಅರ್ಧ ಆಂಪ್, ನ್ಯೂಟ್ರಲ್ ಎಂಟೂವರೆ. ಎಲ್‌ಟಿ (415 ವೋಲ್ಟ್) ಪ್ಯಾನೆಲ್‌ನಲ್ಲಿ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿಯುವ ಕರೆಂಟ್ ಮೀಟರ್) ಹಾಕಿದರೆ ಮೂರೂ ಫೇಸ್ ಸಮ. ಹಾಗಾದರೆ ಬಿ ಫೇಸಿನ ಕರೆಂಟ್ ಎಲ್ಲಿ ಹೋಯಿತು? ಸಿಟಿಯಿಂದ ರಿಲೇಗೆ ಬರುವ ದಾರಿಯಲ್ಲಿ. ಹಿಂದೆ ಪ್ಯಾನೆಲ್ ಕೆಲಸ ಮಾಡಿದಾಗ ಟರ್ಮಿನಲ್ ಬ್ಲಾಕ್‌ನಲ್ಲಿ ಹಾಕಿದ್ದ ಬಿ ಫೇಸಿನ ಶಾರ್ಟಿಂಗ್ ಲಿಂಕ್ ಹಾಗೇ ಉಳಿದಿತ್ತು. ಸಿಟಿಯ ಕರೆಂಟ್ ಆ ಲಿಂಕ್‌ನಲ್ಲೇ ಸುತ್ತಿ ವಾಪಸ್ ಹೋಗುತ್ತಿತ್ತು. ರಿಲೇಗೆ ಬರುತ್ತಿದ್ದುದು ಎರಡೇ ಫೇಸ್. ಮೂರೂ ಸೇರಿದರೆ ಸೊನ್ನೆ ಆಗಬೇಕಾದದ್ದು ಎರಡೇ ಇದ್ದಾಗ ಆಗುವುದಿಲ್ಲ, ಉಳಿಕೆ ನ್ಯೂಟ್ರಲ್‌ನಲ್ಲಿ ಕಾಣುತ್ತದೆ. ಎರಡನೇ ಕಂಪ್ರೆಸರ್ ಬಂದು ಲೋಡ್ 18 ಆದಾಗ ನ್ಯೂಟ್ರಲ್ 17. ಸೆಟ್ಟಿಂಗ್‌ನ 1.7 ಪಟ್ಟು. ನಾರ್ಮಲ್ ಇನ್ವರ್ಸ್ ಕರ್ವ್ (ಕರೆಂಟ್ ಹೆಚ್ಚಿದಷ್ಟೂ ಬೇಗ ಟ್ರಿಪ್), ಟಿಎಂಎಸ್ (ಟ್ರಿಪ್ ಸಮಯವನ್ನು ಗುಣಿಸುವ ಸೆಟ್ಟಿಂಗ್) 0.1 ಇದ್ದರೆ ಸುಮಾರು 1.3 ಸೆಕೆಂಡ್‌ನಲ್ಲಿ ಟ್ರಿಪ್. ರಿಲೇ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು. ಲಿಂಕ್ ತೆಗೆದ ಮೇಲೆ ನ್ಯೂಟ್ರಲ್ ಸೊನ್ನೆಗೆ ಬಂತು, ಕೇಬಲ್ ಉಳಿಯಿತು.

ಇದರಿಂದ ತೆಗೆದುಕೊಳ್ಳಬೇಕಾದ ಗುರುತು ಹೀಗಿದೆ. ಲೋಡ್ ಜಾಸ್ತಿಯಾದಾಗ ಮಾತ್ರ ಅರ್ಥ್ ಫಾಲ್ಟ್ ಬಂದರೆ ಸಿಟಿ ವೈರಿಂಗ್ ಮೇಲೆ ಅನುಮಾನ ಪಡಿ. ನಿಜವಾದ ಅರ್ಥ್ ಫಾಲ್ಟ್‌ಗೆ ನಿಮ್ಮ ಕಂಪ್ರೆಸರ್‌ನ ಹಂಗಿಲ್ಲ. ನ್ಯೂಟ್ರಲ್ ಕರೆಂಟ್ ಒಂದು ಫೇಸಿನಷ್ಟೇ ಇದ್ದು, ಇನ್ನೊಂದು ಫೇಸ್ ಸೊನ್ನೆ ಹತ್ತಿರ ಇದ್ದರೆ ಆ ಫೇಸಿನ ಸಿಟಿ ಶಾರ್ಟ್ ಆಗಿದೆ ಅಥವಾ ವೈರ್ ಬಿಟ್ಟಿದೆ. ಬಿಟ್ಟಿದ್ದರೆ ಟರ್ಮಿನಲ್ ಬಳಿ ಕಿಡಿ, ಗುಂಯ್ ಸದ್ದು, ಸುಟ್ಟ ವಾಸನೆ ಬರಬಹುದು. ಆಗ ಹತ್ತಿರ ಹೋಗದೆ ಮೊದಲು ಲೋಡ್ ತೆಗೆಯಿರಿ. ಮೂರೂ ಫೇಸ್ ಸಮವಾಗಿದ್ದು ನ್ಯೂಟ್ರಲ್ ಅದರ ಎರಡು ಪಟ್ಟು ಕಂಡರೆ ಒಂದು ಸಿಟಿಯ ಸೆಕೆಂಡರಿ ತುದಿಗಳಾದ ಎಸ್1, ಎಸ್2 ಅದಲುಬದಲಾಗಿವೆ. ಹೊಸ ಪ್ಯಾನೆಲ್ ಚಾರ್ಜ್ ಮಾಡಿದ ಮೊದಲ ದಿನ ಇದು ಸಿಗುತ್ತದೆ, ಸಿಟಿ ಬದಲಿಸಿದ ಮೇಲೂ ಸಿಗುತ್ತದೆ.

ಇನ್ನೊಂದು ಬಗೆಯೂ ಇದೆ. ಸಿಟಿಯ ಸ್ಟಾರ್ ಪಾಯಿಂಟನ್ನು (ಮೂರೂ ಸಿಟಿಗಳ ತುದಿ ಕೂಡುವ ಜಾಗ) ಒಂದೇ ಕಡೆ ಅರ್ಥ್ ಮಾಡಬೇಕು. ಸಿಟಿ ಹತ್ತಿರ ಒಂದು, ಪ್ಯಾನೆಲ್‌ನಲ್ಲಿ ಇನ್ನೊಂದು ಹಾಕಿದರೆ ದಿನನಿತ್ಯ ಏನೂ ಗೊತ್ತಾಗದು. ಪಕ್ಕದ ಫೀಡರ್‌ನಲ್ಲಿ ದೊಡ್ಡ ಫಾಲ್ಟ್ ಆದಾಗ ಎರಡು ಅರ್ಥ್‌ಗಳ ನಡುವೆ ಕರೆಂಟ್ ಹರಿದು ನಿಮ್ಮ ಆರೋಗ್ಯವಂತ ಫೀಡರ್ ಸುಮ್ನೆ ಬೀಳುತ್ತದೆ. ಪರೀಕ್ಷೆ ಸುಲಭ. ಶಟ್‌ಡೌನ್‌ನಲ್ಲಿ ಗೊತ್ತಿರುವ ಅರ್ಥ್ ವೈರನ್ನು ಬಿಚ್ಚಿ, ರಿಲೇಯನ್ನು ಬೇರ್ಪಡಿಸಿ, 500 ವೋಲ್ಟ್ ಮೆಗ್ಗರ್ ಹಾಕಿ. ಸೊನ್ನೆ ಬಂದರೆ ಇನ್ನೆಲ್ಲೋ ಎರಡನೇ ಅರ್ಥ್ ಇದೆ, ಅಥವಾ ವೈರ್‌ನ ಇನ್ಸುಲೇಷನ್ ಹೋಗಿದೆ.

ಕೇಬಲ್ ಸುತ್ತ ಕೋರ್ ಬ್ಯಾಲೆನ್ಸ್ ಸಿಟಿ (ಮೂರೂ ಫೇಸ್ ಒಟ್ಟಿಗೇ ಹಾಯುವ ಬಳೆಯಂಥ ಸಿಟಿ) ಇರುವವರು ಕೇಬಲ್ ಸ್ಕ್ರೀನ್‌ನ (ಕೋರ್ ಸುತ್ತಲಿನ ಲೋಹದ ಹೊದಿಕೆಯ) ಅರ್ಥ್ ವೈರ್ ನೋಡಿ. ಸ್ಕ್ರೀನ್ ಸಮೇತ ಕೇಬಲ್ ಸಿಟಿಯೊಳಗೆ ಹಾದಿದ್ದರೆ ಆ ಅರ್ಥ್ ವೈರನ್ನು ಸಿಟಿಯೊಳಗಿಂದಲೇ ವಾಪಸ್ ತಂದು ಅರ್ಥ್ ಮಾಡಬೇಕು. ಹಾಗೆ ಮಾಡದಿದ್ದರೆ ನಿಜವಾದ ಫಾಲ್ಟ್ ಕಾಣದೆ ಹೋಗಬಹುದು, ಇಲ್ಲದ ಫಾಲ್ಟ್ ಕಾಣಬಹುದು.

ಓವರ್ ಕರೆಂಟ್, ಅದೂ ಚಾರ್ಜ್ ಮಾಡಿದ ಕ್ಷಣ

ಬ್ರೇಕರ್ ಹಾಕಿದ ಕೂಡಲೇ ಹೈಸೆಟ್‌ನಲ್ಲಿ (ದೊಡ್ಡ ಕರೆಂಟ್‌ಗೆ ತಡವಿಲ್ಲದೆ ಟ್ರಿಪ್ ಕೊಡುವ ಎಲಿಮೆಂಟ್) ಬಿದ್ದರೆ ಎರಡು ಸಾಧ್ಯತೆ. ನಿಜವಾದ ಶಾರ್ಟ್ ಇರಬಹುದು, ಇಲ್ಲವೇ ಟ್ರಾನ್ಸ್‌ಫಾರ್ಮರ್‌ನ ಇನ್‌ರಶ್. ಟ್ರಾನ್ಸ್‌ಫಾರ್ಮರ್ ಚಾರ್ಜ್ ಆಗುವಾಗ ಅರೆಗಳಿಗೆ ತನ್ನ ರೇಟಿಂಗ್‌ನ 8ರಿಂದ 12 ಪಟ್ಟು ಕರೆಂಟ್ ಎಳೆಯಬಹುದು. 500 ಕೆವಿಎಗೆ 10 ಪಟ್ಟು ಎಂದರೆ 262 ಆಂಪ್ಸ್. ಹೈಸೆಟ್ 150ರಲ್ಲಿ ಇಟ್ಟಿದ್ದರೆ ಆಗಾಗ ಬೀಳುತ್ತದೆ. ಒಮ್ಮೆ ನಿಲ್ಲುತ್ತದೆ, ಇನ್ನೊಮ್ಮೆ ಬೀಳುತ್ತದೆ. ವೋಲ್ಟೇಜ್ ಅಲೆಯ ಯಾವ ಬಿಂದುವಿನಲ್ಲಿ ಬ್ರೇಕರ್ ಕೂಡಿತು ಎಂಬುದರ ಮೇಲೆ ಇನ್‌ರಶ್ ಏರಿಳಿಯುತ್ತದೆ. ಈ ಚಂಚಲತೆಯೇ ಗುರುತು. ಶಾರ್ಟ್ ಇದ್ದರೆ ಪ್ರತಿ ಸಲವೂ ಬೀಳುತ್ತದೆ. ಹಾಗಂತ ಪರೀಕ್ಷೆಗಾಗಿ ಮತ್ತೆ ಮತ್ತೆ ಚಾರ್ಜ್ ಮಾಡಬೇಡಿ. ಮೆಗ್ಗರ್ ನೋಡದೆ ಎರಡನೇ ಸಲ ಹಾಕುವುದು ಬೇಡ. ರಿಲೇಯಲ್ಲಿ ಸೆಕೆಂಡ್ ಹಾರ್ಮೋನಿಕ್ ಬ್ಲಾಕಿಂಗ್ (ಇನ್‌ರಶ್ ಗುರುತಿಸಿ ಟ್ರಿಪ್ ತಡೆಯುವ ಸೌಲಭ್ಯ) ಇದ್ದರೆ ಅದನ್ನು ಬಳಸಿ.

ಗದಗ, ಹಾವೇರಿಯ ಹಳ್ಳಿಗಳ ಐಪಿ ಸೆಟ್ (ನೀರಾವರಿ ಪಂಪ್‌ಸೆಟ್) ಫೀಡರ್‌ಗಳಲ್ಲಿ ಇದಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ನಿರಂತರ ಜ್ಯೋತಿ ಯೋಜನೆ ಬಂದ ಮೇಲೆ ಪಂಪ್‌ಸೆಟ್ ಲೋಡನ್ನು ಊರಿನ ಲೋಡ್‌ನಿಂದ ಬೇರೆ ಮಾಡಿದರು. ತ್ರೀಫೇಸ್ ಕೊಟ್ಟ ಕ್ಷಣ ಹೊಲಗಳಲ್ಲಿ ಆಟೋ ಸ್ಟಾರ್ಟರ್ ಹಾಕಿದ ಪಂಪ್‌ಗಳೆಲ್ಲ ಒಟ್ಟಿಗೇ ಎದ್ದು ನಿಲ್ಲುತ್ತವೆ. ಟಿಸಿಗಳ (ಟ್ರಾನ್ಸ್‌ಫಾರ್ಮರ್‌ಗಳ) ಇನ್‌ರಶ್, ಮೋಟಾರ್‌ಗಳ ಸ್ಟಾರ್ಟಿಂಗ್ ಕರೆಂಟ್, ಎರಡೂ ಕೂಡಿ ಬರುತ್ತವೆ. ಇದು ರಿಲೇಯ ದೋಷವೂ ಅಲ್ಲ, ರೈತರ ತಪ್ಪೂ ಅಲ್ಲ. ಫೀಡರನ್ನು ಭಾಗ ಮಾಡಿ ಚಾರ್ಜ್ ಮಾಡುವುದು, ರಿಲೇಯಲ್ಲಿ ಕೋಲ್ಡ್ ಲೋಡ್ ಪಿಕಪ್ (ಚಾರ್ಜ್ ಮಾಡಿದ ಮೊದಲ ಹೊತ್ತಿಗೆ ಮಾತ್ರ ಸೆಟ್ಟಿಂಗ್ ಸಡಿಲಿಸುವ ಸೌಲಭ್ಯ) ಇದ್ದರೆ ಅದನ್ನು ಹೊಂದಿಸುವುದು ಇದಕ್ಕೆ ಮದ್ದು.

ಸೆಟ್ಟಿಂಗ್ ಏರಿಸಿದರೆ ಏನಾಗುತ್ತದೆ, ಲೆಕ್ಕದಲ್ಲಿ ನೋಡಿ

ಇನ್‌ರಶ್ ಕಾಟ ತಾಳಲಾರದೆ ಯಾರೋ ಹೈಸೆಟ್ ಆಫ್ ಮಾಡಿ, ಟಿಎಂಎಸ್ ಅನ್ನು 0.1ರಿಂದ 0.3ಕ್ಕೆ ಏರಿಸಿದರು ಎಂದುಕೊಳ್ಳಿ. ನಿಮ್ಮ ಪಿಕಪ್ (ರಿಲೇ ಸಮಯ ಎಣಿಸಲು ಶುರು ಮಾಡುವ ಕರೆಂಟ್) 30 ಆಂಪ್ಸ್, ಸ್ಟೇಷನ್‌ನ ಫೀಡರ್ ಪಿಕಪ್ 300 ಆಂಪ್ಸ್, ಅಲ್ಲಿನ ಟಿಎಂಎಸ್ 0.15. ನಿಮ್ಮ ಕೇಬಲ್‌ನಲ್ಲಿ 1500 ಆಂಪ್ಸ್ ಫಾಲ್ಟ್ ಆಯಿತು.

ಸ್ಟೇಷನ್‌ಗೆ ಅದು 5 ಪಟ್ಟು. ನಾರ್ಮಲ್ ಇನ್ವರ್ಸ್ ಕರ್ವ್‌ನಲ್ಲಿ 5 ಪಟ್ಟಿಗೆ 4.28 ಸೆಕೆಂಡ್, ಅದನ್ನು 0.15ರಿಂದ ಗುಣಿಸಿದರೆ 0.64 ಸೆಕೆಂಡ್. ನಿಮಗೆ ಅದು 50 ಪಟ್ಟು. ಹಲವು ರಿಲೇಗಳಲ್ಲಿ 20 ಪಟ್ಟಿನ ಆಚೆ ಸಮಯ ಇನ್ನೂ ಇಳಿಯುವುದಿಲ್ಲ, 2.27 ಸೆಕೆಂಡ್‌ಗೆ ನಿಲ್ಲುತ್ತದೆ. ಟಿಎಂಎಸ್ 0.1 ಇದ್ದಾಗ ನೀವು 0.23 ಸೆಕೆಂಡ್‌ನಲ್ಲಿ ಬೀಳುತ್ತಿದ್ದಿರಿ, ಸ್ಟೇಷನ್‌ಗಿಂತ 0.4 ಸೆಕೆಂಡ್ ಮುಂಚೆ. ಈಗ 0.3 ಮಾಡಿದ ಮೇಲೆ 0.68 ಸೆಕೆಂಡ್. ಸ್ಟೇಷನ್ ಮೊದಲು ಬೀಳುತ್ತದೆ. ನಿಮ್ಮ ಕಾಂಪೌಂಡ್ ಒಳಗಿನ ಫಾಲ್ಟ್‌ಗೆ ಇಡೀ ಲೈನಿನ ಕರೆಂಟ್ ಹೋಗುತ್ತದೆ. ಅದೇ ಲೈನಿನಲ್ಲಿ ಆಸ್ಪತ್ರೆ ಇರಬಹುದು, ಊರಿಗೆ ನೀರೆತ್ತುವ ಪಂಪ್ ಇರಬಹುದು. ಅದಕ್ಕೇ ಸ್ಟೇಷನ್ ಸೆಟ್ಟಿಂಗ್ ಕೇಳಿ, ಹೋಲಿಸಿ, ಲಿಖಿತದಲ್ಲಿ ಒಪ್ಪಿಗೆ ಪಡೆದ ಮೇಲೆಯೇ ಬದಲಿಸಬೇಕು.

ರಿಲೇ ಟ್ರಿಪ್ ಕೊಟ್ಟಿದೆ, ಬ್ರೇಕರ್ ಬಿದ್ದಿಲ್ಲ

ಇದು ಎಲ್ಲಕ್ಕಿಂತ ಅಪಾಯದ ದೋಷ. ಸುಮ್ನೆ ಬೀಳುವ ಬ್ರೇಕರ್ ಕೆಲಸ ಕೆಡಿಸುತ್ತದೆ, ಬೀಳದ ಬ್ರೇಕರ್ ಜನರನ್ನು ಸುಡುತ್ತದೆ.

ಮೊದಲು ಡಿಸಿ ನೋಡಿ. ನಮ್ಮ ಕಡೆ ಎಷ್ಟೋ ಕಾರ್ಖಾನೆಗಳ ಎಚ್‌ಟಿ ಪ್ಯಾನೆಲ್‌ಗೆ ದೊಡ್ಡ ಬ್ಯಾಟರಿ ಸೆಟ್ ಇರುವುದಿಲ್ಲ, ಒಂದು ಪವರ್ ಪ್ಯಾಕ್ ಇರುತ್ತದೆ. ಅದಕ್ಕೆ ಎಸಿ ಬರುವುದು ಪಿಟಿಯಿಂದ (ಲೈನ್ ವೋಲ್ಟೇಜ್ ಇಳಿಸಿ ಕೊಡುವ ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್). ಫಾಲ್ಟ್ ಆದಾಗ ಲೈನ್ ವೋಲ್ಟೇಜ್ ಕುಸಿಯುತ್ತದೆ, ಪಿಟಿ ವೋಲ್ಟೇಜೂ ಕುಸಿಯುತ್ತದೆ. ಆ ಕ್ಷಣಕ್ಕೆ ಟ್ರಿಪ್ ಕಾಯಿಲ್‌ಗೆ (ಬ್ರೇಕರನ್ನು ಬೀಳಿಸುವ ಕಾಯಿಲ್) ಶಕ್ತಿ ಕೊಡಬೇಕಾದದ್ದು ಪವರ್ ಪ್ಯಾಕ್ ಒಳಗಿನ ಬ್ಯಾಟರಿ ಅಥವಾ ಕೆಪಾಸಿಟರ್. ಅದು ಸತ್ತಿದ್ದರೆ ಮಾಮೂಲಿ ದಿನಗಳಲ್ಲಿ ಎಲ್ಲ ಸರಿ ಕಾಣುತ್ತದೆ. ಟೆಸ್ಟ್ ಬಟನ್ ಒತ್ತಿದರೆ ಬ್ರೇಕರ್ ಬೀಳುತ್ತದೆ, ಏಕೆಂದರೆ ಆಗ ಎಸಿ ಇರುತ್ತದೆ. ನಿಜವಾದ ಫಾಲ್ಟ್‌ನಲ್ಲಿ ಬೀಳುವುದಿಲ್ಲ.

ಹಾಗಾಗಿ ಸರಿಯಾದ ಪರೀಕ್ಷೆ ಇದು: ಶಟ್‌ಡೌನ್‌ನಲ್ಲಿ ಬ್ರೇಕರನ್ನು ಟೆಸ್ಟ್ ಪೊಸಿಷನ್‌ಗೆ ತಂದು ಕ್ಲೋಸ್ ಮಾಡಿ, ಪವರ್ ಪ್ಯಾಕ್‌ಗೆ ಬರುವ ಎಸಿ ತೆಗೆಯಿರಿ, ಆಮೇಲೆ ರಿಲೇಯಿಂದ ಟ್ರಿಪ್ ಕೊಡಿ. ಬೀಳಲೇಬೇಕು. ಬರೀ ಮಲ್ಟಿಮೀಟರ್ ಹಾಕಿ 24 ವೋಲ್ಟ್ ಇದೆ ಅಂತ ಬಿಡಬೇಡಿ. ಹಳೇ ಬ್ಯಾಟರಿ ಲೋಡ್ ಇಲ್ಲದಾಗ ಪೂರ್ತಿ ವೋಲ್ಟೇಜ್ ತೋರಿಸಿ, ಕಾಯಿಲ್‌ನ ಲೋಡ್ ಬಂದ ಕೂಡಲೇ ಕುಸಿಯುತ್ತದೆ. ಡಿಸಿ ಟ್ರಿಪ್ ಕಾಯಿಲ್ ರೇಟೆಡ್ ವೋಲ್ಟೇಜಿನ 70 ಪರ್ಸೆಂಟ್‌ಗೂ ಕೆಲಸ ಮಾಡಬೇಕು. 110 ವೋಲ್ಟ್ ಕಾಯಿಲ್ 77 ವೋಲ್ಟ್‌ಗೆ ಬೀಳಬೇಕು. ಬೀಳದಿದ್ದರೆ ಮೆಕ್ಯಾನಿಸಂನಲ್ಲಿ ಗ್ರೀಸ್ ಗಟ್ಟಿಯಾಗಿದೆ ಅಥವಾ ಕಾಯಿಲ್‌ನ ಪ್ಲಂಜರ್ ಹಿಡಿದಿದೆ.

ಡಿಸಿ ಸರಿ ಇದ್ದರೆ ಟ್ರಿಪ್ ಸರ್ಕ್ಯೂಟ್ ಹಿಡಿದು ಹೋಗಿ. ಬ್ರೇಕರ್ ಕ್ಲೋಸ್ ಇದ್ದಾಗ ರಿಲೇಯ ಟ್ರಿಪ್ ಕಾಂಟ್ಯಾಕ್ಟ್‌ನ ಎರಡು ತುದಿಗೆ ಮೀಟರ್ ಹಿಡಿದರೆ ಪೂರ್ತಿ ಡಿಸಿ ಕಾಣಬೇಕು. ಕಾಣದಿದ್ದರೆ ಕಾಯಿಲ್ ಸುಟ್ಟಿದೆ, ವೈರ್ ಬಿಟ್ಟಿದೆ, ಇಲ್ಲವೇ ಬ್ರೇಕರ್‌ನ ಆಕ್ಸಿಲಿಯರಿ ಕಾಂಟ್ಯಾಕ್ಟ್ ಕೂಡುತ್ತಿಲ್ಲ. ಕಾಯಿಲ್ ಸುಟ್ಟಿದ್ದರೆ ಹೊಸದು ಹಾಕಿ ಕೈ ತೊಳೆದುಕೊಳ್ಳಬೇಡಿ. ಬ್ರೇಕರ್ ಬಿದ್ದ ಮೇಲೆ ಕಾಯಿಲ್‌ನ ಕರೆಂಟ್ ಕಡಿಯುವುದು ಆ ಆಕ್ಸಿಲಿಯರಿ ಕಾಂಟ್ಯಾಕ್ಟ್. ಅದು ಹಿಡಿದುಕೊಂಡಿದ್ದರೆ ಹೊಸ ಕಾಯಿಲ್ ಕೂಡ ಸುಡುತ್ತದೆ, ಅದರ ಜೊತೆ ರಿಲೇಯ ಕಾಂಟ್ಯಾಕ್ಟೂ ಅಂಟಿಕೊಳ್ಳುತ್ತದೆ.

ಬ್ರೇಕರ್ ಬಿದ್ದಿದೆ, ಯಾವ ಫ್ಲಾಗೂ ಇಲ್ಲ

ಟ್ರಿಪ್ ರಿಲೇಯಿಂದ ಬಂದಿಲ್ಲ ಅಂತ ಇದರ ಅರ್ಥ. ಟ್ರಾನ್ಸ್‌ಫಾರ್ಮರ್‌ನ ಬುಕೋಲ್ಜ್ (ಒಳಗಿನ ದೋಷದಿಂದ ಏಳುವ ಗ್ಯಾಸ್ ಹಿಡಿಯುವ ಸಾಧನ), ಆಯಿಲ್ ಮತ್ತು ವೈಂಡಿಂಗ್ ಟೆಂಪರೇಚರ್ ಕಾಂಟ್ಯಾಕ್ಟ್‌ಗಳು ನೇರ ಟ್ರಿಪ್ ಕಾಯಿಲ್‌ಗೆ ಹೋಗಿರಬಹುದು. ಧಾರವಾಡ, ಹಾನಗಲ್ ಕಡೆ ಜಡಿಮಳೆ ಹಿಡಿದಾಗ ಬುಕೋಲ್ಜ್‌ನ ಟರ್ಮಿನಲ್ ಬಾಕ್ಸ್‌ಗೆ ನೀರು ಇಳಿದು ಈ ತೊಂದರೆ ಬರುತ್ತದೆ. ಮುಚ್ಚಳದ ಗ್ಯಾಸ್ಕೆಟ್, ಕೇಬಲ್ ಗ್ಲ್ಯಾಂಡ್ ನೋಡಿ. ಆದರೆ ನೀರು ಅಂತ ತೀರ್ಮಾನಿಸುವ ಮೊದಲು ಬುಕೋಲ್ಜ್‌ನಲ್ಲಿ ಗ್ಯಾಸ್ ಸೇರಿದೆಯಾ ನೋಡಲೇಬೇಕು. ಸೇರಿದ್ದರೆ ಚಾರ್ಜ್ ಮಾಡಬೇಡಿ.

ಡಿಸಿ ಲೀಕೇಜ್ ಕೂಡ ಒಂದು ಕಾರಣ. 110 ವೋಲ್ಟ್ ಡಿಸಿಯಲ್ಲಿ ಪಾಸಿಟಿವ್‌ನಿಂದ ಅರ್ಥ್‌ಗೆ, ನೆಗೆಟಿವ್‌ನಿಂದ ಅರ್ಥ್‌ಗೆ ಹೆಚ್ಚುಕಮ್ಮಿ 55, 55 ಇರಬೇಕು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 110 ಬಂದರೆ ಸೊನ್ನೆ ಬಂದ ಕಡೆ ಅರ್ಥ್ ಆಗಿದೆ. ಒಂದು ಕಡೆ ಅರ್ಥ್ ಆದರೆ ಫೀಡರ್ ನಡೆಯುತ್ತಲೇ ಇರುತ್ತದೆ. ಎರಡನೇ ಕಡೆಯೂ ಆದ ದಿನ ಬ್ರೇಕರ್ ತಾನಾಗಿ ಬೀಳಬಹುದು, ಇಲ್ಲವೇ ಬೀಳಬೇಕಾದಾಗ ಬೀಳದಿರಬಹುದು. ಮೊದಲನೆಯದು ಕಂಡಾಗಲೇ ಹುಡುಕಿ.

ತಂತಿ ಬಿದ್ದರೂ ಫೀಡರ್ ನಡೆಯುತ್ತಲೇ ಇದ್ದರೆ

ಅಡ್ಡಮಳೆಯ ಗಾಳಿಗೆ ತಂತಿ ಕಡಿದು ಹೊಲದಲ್ಲಿ ಬಿದ್ದಿರುತ್ತದೆ, ಸ್ಟೇಷನ್‌ನಲ್ಲಿ ಬ್ರೇಕರ್ ಬಿದ್ದಿರುವುದಿಲ್ಲ. ಬೇಸಿಗೆಯಲ್ಲಿ ಒಣಗಿ ಬಿರುಕುಬಿಟ್ಟ ಎರೆ ಹೊಲ, ಕಲ್ಲು ನೆಲ, ಟಾರ್ ರೋಡ್ ಮೇಲೆ ಬಿದ್ದ ತಂತಿಯಿಂದ ಕೆಲವೇ ಆಂಪ್ಸ್ ಹರಿಯಬಹುದು. 20 ಪರ್ಸೆಂಟ್ ಸೆಟ್ಟಿಂಗ್‌ಗೆ ಅದು ಕಾಣುವುದೇ ಇಲ್ಲ. ಅದೇ ನೆಲ ಹದವಾಗಿ ನೆನೆದಿದ್ದರೆ ಬೇಗ ಟ್ರಿಪ್ ಆಗುತ್ತದೆ. ಸೆನ್ಸಿಟಿವ್ ಅರ್ಥ್ ಫಾಲ್ಟ್ ಎಲಿಮೆಂಟ್ ಇದ್ದರೆ ನೆರವಾಗುತ್ತದೆ, ಆದರೂ ಪೂರ್ತಿ ಭರವಸೆ ಇಲ್ಲ. ಬಿದ್ದ ತಂತಿಯಲ್ಲಿ ಕರೆಂಟ್ ಇದೆ ಎಂದೇ ತಿಳಿದು ದೂರ ನಿಂತು ವಿದ್ಯುತ್ ಸಹಾಯವಾಣಿ 1912ಕ್ಕೆ ಹೇಳಿ, ದನಕರು ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೊಸ ರಿಲೇ ಹಾಕಿದ ಮೇಲೆ ಬರುವ ದೋಷಗಳು

ನಿಜವಾಗಿಯೂ ರಿಲೇ ಹೋಗಿದ್ದರೆ ಹೆಲ್ದಿ ಎಲ್‌ಇಡಿ ಆರಿರುತ್ತದೆ, ವಾಚ್‌ಡಾಗ್ ಕಾಂಟ್ಯಾಕ್ಟ್ (ರಿಲೇ ಕೆಟ್ಟಿದ್ದನ್ನು ತಿಳಿಸುವುದು) ಬದಲಾಗಿರುತ್ತದೆ. ಅದಕ್ಕೂ ಮೊದಲು ರಿಲೇಗೆ ಬರುವ ಸಪ್ಲೈ ನೋಡಿ.

ಬದಲಿಸಿದ ಮೇಲೆ ಮೂರು ಕಡೆ ಎಡವುತ್ತಾರೆ. ಕೆಲವು ರಿಲೇಗಳಲ್ಲಿ 1 ಆಂಪ್‌ಗೆ, 5 ಆಂಪ್‌ಗೆ ಬೇರೆ ಬೇರೆ ಟರ್ಮಿನಲ್ ಇರುತ್ತವೆ. ತಪ್ಪು ಟರ್ಮಿನಲ್‌ಗೆ ಕೊಟ್ಟರೆ ರಿಲೇ ಓದುವುದು ಐದು ಪಟ್ಟು ತಪ್ಪಾಗುತ್ತದೆ. ಎರಡನೆಯದು ಸಿಟಿ ರೇಷಿಯೋ. ಹಳೇ ರಿಲೇಯಲ್ಲಿದ್ದ ಸೆಟ್ಟಿಂಗ್ ಸೆಕೆಂಡರಿ ಆಂಪ್ಸ್‌ನಲ್ಲಿ, ಹೊಸದು ರೇಟೆಡ್ ಕರೆಂಟಿನ ಪಟ್ಟಿನಲ್ಲಿ ಕೇಳಬಹುದು. ಸುಮ್ನೆ ಅಂಕಿ ನಕಲು ಮಾಡಬೇಡಿ. ಮೂರನೆಯದು ಎಲ್ಲರ ಕಣ್ಣು ತಪ್ಪಿಸುತ್ತದೆ: ಸೆಟ್ಟಿಂಗ್ ಸರಿ, ಟ್ರಿಪ್ ಎಲ್‌ಇಡಿಯೂ ಉರಿಯುತ್ತದೆ, ಆದರೆ ಅರ್ಥ್ ಫಾಲ್ಟ್ ಎಲಿಮೆಂಟನ್ನು ಔಟ್‌ಪುಟ್ ಕಾಂಟ್ಯಾಕ್ಟ್‌ಗೆ ಅಸೈನ್ ಮಾಡಿಯೇ ಇರುವುದಿಲ್ಲ. ದೀಪ ಉರಿಯುತ್ತದೆ, ಬ್ರೇಕರ್ ಅಲ್ಲಾಡುವುದಿಲ್ಲ. ಅದಕ್ಕೇ ಸೆಕೆಂಡರಿ ಇಂಜೆಕ್ಷನ್ (ಟೆಸ್ಟ್ ಕಿಟ್‌ನಿಂದ ರಿಲೇಗೆ ಕರೆಂಟ್ ಕೊಡುವ ಪರೀಕ್ಷೆ) ಮಾಡುವಾಗ ಪ್ರತಿ ಎಲಿಮೆಂಟಿಗೂ ಬ್ರೇಕರನ್ನು ನಿಜವಾಗಿ ಬೀಳಿಸಿ ನೋಡಬೇಕು. ಸಮಯವನ್ನೂ ಅಳೆಯಿರಿ. ಟಿಎಂಎಸ್ 0.1ರಲ್ಲಿ 2 ಪಟ್ಟಿಗೆ ಸುಮಾರು 1 ಸೆಕೆಂಡ್, 5 ಪಟ್ಟಿಗೆ 0.43, 10 ಪಟ್ಟಿಗೆ 0.3 ಬರಬೇಕು.

ವರ್ಷಕ್ಕೊಮ್ಮೆ, ಮುಂಗಾರಿಗೆ ಮೊದಲು, ಇಂಜೆಕ್ಷನ್ ಟೆಸ್ಟ್ ಮಾಡಿಸಿ. ಅದೇ ಶಟ್‌ಡೌನ್‌ನಲ್ಲಿ ಸಿಟಿ ಟರ್ಮಿನಲ್‌ಗಳನ್ನು ಬಿಗಿ ಮಾಡಿ, ಪ್ಯಾನೆಲ್ ಹೀಟರ್ ಬಿಸಿಯಾಗುತ್ತಿದೆಯಾ ಮುಟ್ಟಿ ನೋಡಿ. ಜಿನ್ನಿಂಗ್ ಮಿಲ್‌ಗಳಲ್ಲಿ ಹತ್ತಿಯ ನಾರು ಪ್ಯಾನೆಲ್ ಒಳಗೆ ಸೇರಿ ತೇವ ಹಿಡಿಯುತ್ತದೆ. ಅಲ್ಲಿ ಸೀಸನ್ ನಡುವೆಯೂ ಒಮ್ಮೆ ಬ್ಲೋವರ್ ಹಿಡಿಯಬೇಕು. ಕೇಬಲ್ ಬರುವ ತೂತುಗಳನ್ನು ಮುಚ್ಚಿ, ಹಲ್ಲಿ ಇಲಿ ಒಳಗೆ ಬರದ ಹಾಗೆ. ಕೆಲಸ ಮುಗಿದ ಮೇಲೆ ಹಾಕಿದ ಶಾರ್ಟಿಂಗ್ ಲಿಂಕ್‌ಗಳನ್ನೆಲ್ಲ ಎಣಿಸಿ ತೆಗೆಯಿರಿ. ಸೆಟ್ಟಿಂಗ್ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಉಳಿಸಿ, ಅದರ ಒಂದು ಪ್ರಿಂಟ್ ತಾರೀಖು ಸಮೇತ ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿ. ಲೋಡ್ ಬಂದ ಮೇಲೆ ಆರ್, ವೈ, ಬಿ, ನ್ಯೂಟ್ರಲ್ ನಾಲ್ಕನ್ನೂ ಓದಿ ಆ ಪ್ರಿಂಟಿನ ಕೆಳಗೆ ಬರೆದಿಡಿ.